ಕ್ಯಾಂಪರ್ ವ್ಯಾನಿನ ಮೈಮೇಲೆ ಕಂದು ಗೆರೆ: ತುಕ್ಕಿನ ಮೂಲ ಹುಡುಕುವುದು ಹೇಗೆ

ವ್ಯಾನಿನ ಬಿಳಿ ಬಣ್ಣದ ಮೇಲೆ ಕಂದು ಗೆರೆ ಇಳಿದಿದ್ದು ಕಂಡ ಕೂಡಲೇ ಬಹಳಷ್ಟು ಜನ ಒದ್ದೆ ಬಟ್ಟೆ ತಗೊಂಡು ಉಜ್ಜಲು ಶುರು ಮಾಡುತ್ತಾರೆ. ಸ್ವಲ್ಪ ತಡೆಯಿರಿ. ತುಕ್ಕು ಎಲ್ಲಿಂದ ಬಂತು ಅಂತ ತೋರಿಸುವುದೇ ಆ ಗೆರೆ. ಒರೆಸಿಬಿಟ್ಟರೆ ಗುರುತೇ ಹೋಯಿತು. ನಾಲ್ಕು ಮಳೆ ಬಿದ್ದ ಮೇಲೆ ಗೆರೆ ಹೇಗೂ ಮತ್ತೆ ಬರುತ್ತದೆ, ಆದರೆ ಅಷ್ಟರಲ್ಲಿ ತುಕ್ಕು ಹಿಡಿದ ಬೋಲ್ಟು ಇನ್ನಷ್ಟು ಸವೆದಿರುತ್ತದೆ. ಮೊದಲು ಮೊಬೈಲಿನಲ್ಲಿ ನಾಲ್ಕೂ ಬದಿಯ ಫೋಟೊ ತೆಗೆದುಕೊಳ್ಳಿ. ಏಣಿ ಹಾಕಿ ಚಾವಣಿಯದ್ದೂ ತೆಗೆಯಿರಿ. ನಿಜವಾದ ಕಥೆ ಇರುವುದು ಹೆಚ್ಚಾಗಿ ಮೇಲೆಯೇ.

ನಮ್ಮ ಬೆಳಗಾವಿ ಕಡೆ ಕ್ಯಾಂಪರ್ ವ್ಯಾನ್ ಅಂದರೆ ಬಹುಮಟ್ಟಿಗೆ ಟೆಂಪೋ ಟ್ರಾವೆಲರ್ ಇಲ್ಲವೇ ಮಿನಿ ಬಸ್ಸು ತಗೊಂಡು, ಬಾಡಿ ಕಟ್ಟುವವರ ಹತ್ತಿರ ಬದಲಾಯಿಸಿಕೊಂಡದ್ದು. ಮೇಲೆ ಕ್ಯಾರಿಯರ್, ಹಿಂದೆ ಏಣಿ, ಪಕ್ಕಕ್ಕೆ ನೆರಳಿನ ಪರದೆ, ಸೋಲಾರ್ ಪ್ಯಾನಲ್. ಒಂದೊಂದಕ್ಕೂ ತಗಡಿನಲ್ಲಿ ತೂತು ಕೊರೆದಿರುತ್ತಾರೆ. ಗಾಡಿ ಕಾರ್ಖಾನೆಯಿಂದ ಬರುವಾಗ ತಗಡಿಗೆ ತುಕ್ಕು ತಡೆಯುವ ಲೇಪ ಇರುತ್ತದೆ, ಆಮೇಲೆ ಕೊರೆದ ತೂತಿನ ಅಂಚಿಗೆ ಇರುವುದಿಲ್ಲ. ಅಲ್ಲಿ ಬರಿ ಕಬ್ಬಿಣ. ಅದೂ ಸಾಲದ್ದಕ್ಕೆ ಎರಡು ದಿನ ರಜೆ ಸಿಕ್ಕರೆ ನಾವು ಓಡುವುದು ಚೋರ್ಲಾ ಘಾಟ್ ಇಳಿದು ಗೋವಾಕ್ಕೆ, ಇಲ್ಲಾ ಕಾರವಾರಕ್ಕೆ.

"ನಾವು ವಿಜಯಪುರದವರು, ನಮ್ಮ ಊರಾಗ ಅಂಥಾ ಮಳೀನ ಇಲ್ಲ, ಇಲ್ಲಿ ಎಲ್ಲಿಂದ ಜಂಗ ಹಿಡಿಬೇಕ್ರಿ?" ಅಂತ ಕೇಳುವವರಿದ್ದಾರೆ. ಉತ್ತರ ಇದೆ. ಸಾಮಾನ್ಯವಾಗಿ ಗಾಳಿಯಲ್ಲಿ ತೇವಾಂಶ ಶೇ 60 ದಾಟಿದರೆ ಕಬ್ಬಿಣ ತುಕ್ಕು ಹಿಡಿಯುವುದು ಜೋರಾಗುತ್ತದೆ. ಆದರೆ ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಇರುತ್ತದೆ. ಅದು ಶೇ 33ರಷ್ಟು ತೇವಾಂಶದಲ್ಲೂ ಗಾಳಿಯ ನೀರು ಎಳೆದುಕೊಂಡು ಒದ್ದೆಯಾಗುತ್ತದೆ. ಗೋವಾದಲ್ಲಿ ಮೆತ್ತಿದ ಉಪ್ಪು ತೊಳೆಯದೇ ವಿಜಯಪುರದ ಒಣ ಹವೆಯಲ್ಲಿ ಗಾಡಿ ನಿಲ್ಲಿಸಿದರೂ ಒಳಗೊಳಗೇ ಕೆಲಸ ನಡೆದಿರುತ್ತದೆ.

ಅದು ತುಕ್ಕೇ ಹೌದಾ?

ಇದನ್ನು ಮೊದಲು ತೀರ್ಮಾನಿಸಿ. ಖಾನಾಪುರದ ಕೆಂಪು ಜಂಬಿಟ್ಟಿಗೆ ಮಣ್ಣಿನ ರಸ್ತೆಯಲ್ಲಿ ಓಡಿದ ಗಾಡಿಗೆ ಅಂಟುವ ಕಲೆ ದೂರದಿಂದ ತುಕ್ಕಿನಂತೆಯೇ ಕಾಣುತ್ತದೆ. ಗ್ಯಾರೇಜಿನ ಮಿಸ್ತ್ರಿಯೊಬ್ಬರು ಹೇಳುವ ಲೆಕ್ಕ ಸರಳ: "ಮ್ಯಾಲಿಂದ ಇಳದ್ರ ಜಂಗ, ತಳಗಿಂದ ಸಿಡದ್ರ ಮಣ್ಣ ನೋಡ್ರಿ." ಒಂದು ಮೂಲೆಯಲ್ಲಿ ಸೋಪಿನ ನೀರು ಹಚ್ಚಿ ಹತ್ತು ನಿಮಿಷ ನೆನೆಯಲು ಬಿಡಿ. ಮಣ್ಣಾದರೆ ಬಿಡುತ್ತದೆ, ತುಕ್ಕಿನ ಕಲೆ ಬಿಡುವುದಿಲ್ಲ.

ಇನ್ನೊಂದು ಮೋಸಗಾರ ಬೋರ್‌ವೆಲ್ ನೀರು. ಕೆಲವು ಬೋರಿನ ನೀರಲ್ಲಿ ಕಬ್ಬಿಣದ ಅಂಶ ಜಾಸ್ತಿ. ಆ ನೀರಲ್ಲಿ ಗಾಡಿ ತೊಳೆದು ಹಾಗೇ ಒಣಗಲು ಬಿಟ್ಟರೆ ನೀರು ಹರಿದಲ್ಲೆಲ್ಲ ತೆಳ್ಳನೆ ಹಳದಿ ಪಟ್ಟೆ ಬೀಳುತ್ತದೆ. ಒಂದು ಬಿಳಿ ಬಕೆಟ್‌ನಲ್ಲಿ ನೀರು ತುಂಬಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ತಳದಲ್ಲಿ ಕಂದು ಗಸಿ ಕೂತಿದ್ದರೆ ತಪ್ಪು ನೀರಿನದು, ಗಾಡಿಯದಲ್ಲ. ಕಿಟಕಿಯ ಕೆಳಗೆ ಮಾತ್ರ ಕೆಂಗಂದು ಕಲೆ ಇದ್ದರೆ ಗಾಡಿಯಲ್ಲಿ ಕೂತವರನ್ನು ಗುಟ್ಕಾ ಬಗ್ಗೆಯೂ ಒಂದು ಮಾತು ಕೇಳಿ. ತಮಾಷೆಯಲ್ಲ, ಆ ಕಲೆಗೆ ಆ್ಯಸಿಡ್ ಸುರಿದವರಿದ್ದಾರೆ.

ಗೆರೆಯಲ್ಲ, ಬರೀ ಚುಕ್ಕಿ ಇದ್ದರೆ

ಬಾನೆಟ್ ಮೇಲೆ, ಚಾವಣಿ ಮೇಲೆ ಸಾಸಿವೆಗಿಂತ ಸಣ್ಣ ಕಂದು ಚುಕ್ಕಿಗಳು ಚೆಲ್ಲಿದ್ದರೆ ತಗಡಿಗೆ ತುಕ್ಕು ಬಂತು ಅಂತ ಗಾಬರಿಯಾಗಬೇಡಿ. ಬೆಳಗಾವಿಯ ಉದ್ಯಮಬಾಗದಂಥ ಕಡೆ, ಫೌಂಡ್ರಿ ಮತ್ತು ಮಷೀನ್ ಶಾಪುಗಳ ಪಕ್ಕದಲ್ಲಿ ನಿಲ್ಲಿಸುವ ಗಾಡಿಗಳಿಗೆ ಇದು ಮಾಮೂಲು. ಗ್ರೈಂಡಿಂಗ್‌ನ ಕಬ್ಬಿಣದ ಧೂಳು ಬಣ್ಣದ ಮೇಲೆ ಕೂತು, ಇಬ್ಬನಿ ಬಿದ್ದಾಗ ಅಲ್ಲೇ ತುಕ್ಕು ಹಿಡಿಯುತ್ತದೆ. ರೈಲು ಹಳಿ ಹತ್ತಿರ ನಿಲ್ಲಿಸಿದರೂ ಇದೇ ಕಥೆ. ಕೆಲವೊಮ್ಮೆ ಮೂಲ ನಮ್ಮದೇ ಗಾಡಿಯಲ್ಲಿರುತ್ತದೆ. ಕ್ಯಾರಿಯರ್ ಕೂರಿಸುವಾಗ ಚಾವಣಿ ಮೇಲೆಯೇ ಆ್ಯಂಗಲ್ ಕತ್ತರಿಸಿರುತ್ತಾರೆ, ಕೆಳಗೆ ಒಂದು ಗೋಣಿ ಚೀಲ ಕೂಡ ಹಾಸಿರುವುದಿಲ್ಲ. ಬಿಸಿ ಕಿಡಿ ಬಣ್ಣದೊಳಗೆ ಇಳಿದು ಕೂರುತ್ತದೆ. ಗಾಜನ್ನೂ ಬಿಡುವುದಿಲ್ಲ.

ಪರೀಕ್ಷೆ ಮಾಡಲು ಖರ್ಚಿಲ್ಲ. ಗಾಡಿ ತೊಳೆದು ಒಣಗಿಸಿ, ಬೆರಳಿಗೆ ತೆಳುವಾದ ಪ್ಲಾಸ್ಟಿಕ್ ಚೀಲ ಸುತ್ತಿ ಬಣ್ಣದ ಮೇಲೆ ಮೆಲ್ಲಗೆ ಆಡಿಸಿ. ಕೆಳಗೆ ರವೆ ಉದುರಿಸಿದ ಹಾಗೆ ಚರಚರ ಅಂದರೆ ಕಣ ಮೇಲೆ ಕೂತಿದೆ ಅಂತ ಅರ್ಥ. ನುಣುಪಾಗಿದ್ದು ಚುಕ್ಕಿಯ ಜಾಗದಲ್ಲಿ ಬಣ್ಣ ಸಣ್ಣಗೆ ಉಬ್ಬಿದ್ದರೆ ಅದು ಬೇರೆ ಜಾತಿ: ಕಲ್ಲು ಬಡಿದು ಬಣ್ಣ ಹಾರಿ, ತಗಡಿಗೇ ತುಕ್ಕು ಇಳಿದಿದೆ.

ಕಬ್ಬಿಣದ ಧೂಳಿಗೆ ಕಾರ್ ಡೀಟೇಲಿಂಗ್ ಅಂಗಡಿಯಲ್ಲಿ ಐರನ್ ರಿಮೂವರ್ ಅಂತ ಸಿಗುತ್ತದೆ. ಹೊಡೆದ ಎರಡು ನಿಮಿಷಕ್ಕೆ ಚುಕ್ಕಿಗಳು ನೇರಳೆ ಬಣ್ಣಕ್ಕೆ ತಿರುಗಿ ಕರಗಿ ಇಳಿಯುತ್ತವೆ. ವಾಸನೆ ಮಾತ್ರ ಕೊಳೆತ ಮೊಟ್ಟೆಯದು, ಮನೆಯವರಿಗೆ ಮೊದಲೇ ಹೇಳಿಡಿ. ನೆರಳಲ್ಲಿ, ತಗಡು ತಣ್ಣಗಿರುವಾಗ ಹೊಡೆಯಬೇಕು. ಒಣಗುವ ಮೊದಲು ತೊಳೆದುಬಿಡಬೇಕು. ಉಳಿದ ಕಣಗಳಿಗೆ ಕ್ಲೇ ಬಾರ್ (ಬಣ್ಣದ ಮೇಲಿನ ಕಣ ಎತ್ತುವ ಮೆತ್ತನೆ ಉಂಡೆ) ಸೋಪಿನ ನೀರಿನ ಮೇಲೆ ಜಾರಿಸಿ. ನಮ್ಮ ಏಪ್ರಿಲ್ ಬಿಸಿಲಲ್ಲಂತೂ ಇದನ್ನು ಮಾಡಲೇಬೇಡಿ.

ಗೆರೆ ಹಿಡಿದು ಮೇಲೆ ಹೋಗುವುದು

ಈಗ ಮುಖ್ಯ ವಿಷಯ. ಗೆರೆ ಎಲ್ಲಿ ದಟ್ಟವಾಗಿದೆಯೋ ಅಲ್ಲಿ ಬೆರಳಿಟ್ಟು ಮೇಲಕ್ಕೆ ಹೋಗಿ. ಮೊದಲು ಸಿಗುವ ಲೋಹದ ವಸ್ತು ಯಾವುದು? ಹೆಚ್ಚಿನ ಸಲ ಅದೇ ಕಳ್ಳ. ಆದರೆ ಎರಡು ಕಡೆ ಈ ಲೆಕ್ಕ ತಪ್ಪುತ್ತದೆ.

ಒಂದು, ಬೀಡಿಂಗ್. ಗಾಡಿಯ ಉದ್ದಕ್ಕೂ ಓಡುವ ಅಲ್ಯೂಮಿನಿಯಂ ಪಟ್ಟಿ, ಅದರ ನಡುವೆ ರಬ್ಬರ್ ಅಥವಾ ಪಿವಿಸಿ ತುರುಕಿರುತ್ತಾರೆ. ಆ ರಬ್ಬರಿನ ಕೆಳಗೆ ಸಾಲಾಗಿ ಸ್ಕ್ರೂಗಳಿವೆ. ಬಿಸಿಲಿಗೆ ರಬ್ಬರ್ ಸೊರಗಿ ಕುಗ್ಗುತ್ತದೆ, ತುದಿಯಲ್ಲಿ ಸಂದು ಬೀಳುತ್ತದೆ, ನೀರು ಒಳಗೆ ಹೋಗುತ್ತದೆ. ಸ್ಕ್ರೂ ಎಲ್ಲೋ ಮಧ್ಯದಲ್ಲಿ ಕೊಳೆಯುತ್ತದೆ, ಕಂದು ನೀರು ಮಾತ್ರ ಪಟ್ಟಿಯ ತುದಿಯಲ್ಲಿ ಹೊರಗೆ ಬರುತ್ತದೆ. ತುದಿಯಲ್ಲಿ ಎಷ್ಟು ಸಿಲಿಕಾನ್ ಬಳಿದರೂ ಪ್ರಯೋಜನವಿಲ್ಲ. ರಬ್ಬರ್ ಪೂರ್ತಿ ಎಳೆದು ತೆಗೆದು ಒಂದೊಂದು ಸ್ಕ್ರೂ ನೋಡಿ.

ಎರಡು, ರಿವೆಟ್. ಇದನ್ನು ಹತ್ತಿರದಿಂದ ನೋಡದೆ ಗೊತ್ತಾಗುವುದಿಲ್ಲ. ಅಲ್ಯೂಮಿನಿಯಂ ರಿವೆಟ್‌ನ ತಲೆ ಬೆಳ್ಳಗೆ ಚೆನ್ನಾಗಿಯೇ ಇರುತ್ತದೆ, ಆದರೆ ನಟ್ಟನಡುವೆ ಒಂದು ಸಣ್ಣ ಕಂದು ಚುಕ್ಕಿ, ಅಲ್ಲಿಂದ ದಾರದೆಳೆಯಷ್ಟು ಗೆರೆ ಕೆಳಗೆ. ಅಲ್ಯೂಮಿನಿಯಂಗೆ ಕೆಂಪು ತುಕ್ಕು ಎಲ್ಲಿಂದ ಬರಬೇಕು, ಅಲ್ವಾ? ವಿಷಯ ಏನೆಂದರೆ ಸಾಮಾನ್ಯ ಪಾಪ್ ರಿವೆಟ್‌ನ ಮೈ ಮಾತ್ರ ಅಲ್ಯೂಮಿನಿಯಂ. ರಿವೆಟ್ ಗನ್ನಿನಿಂದ ಎಳೆಯುವ ಒಳಗಿನ ಮೊಳೆ ಕಬ್ಬಿಣದ್ದು. ಎಳೆದು ತುಂಡಾದ ಮೇಲೆ ಅದರ ತುದಿ ಒಳಗೇ ಉಳಿಯುತ್ತದೆ. ತುಕ್ಕು ಹಿಡಿಯುವುದು ಆ ತುಂಡು. ಪರದೆಯ ಪಟ್ಟಿಗೆ ಇಂಥ ರಿವೆಟ್ ಸಾಲಾಗಿ ಹೊಡೆದಿದ್ದರೆ ಒಂದೊಂದರಿಂದಲೂ ಗೆರೆ ಇಳಿಯುತ್ತದೆ. ಪಟ್ಟಿ ಅಲುಗಾಡದಿದ್ದರೆ ಆತುರವಿಲ್ಲ: ಒಳಗಿನ ತುಕ್ಕು ಕೆರೆದು, ಒಣಗಿಸಿ, ಪ್ರತಿ ರಿವೆಟ್‌ನ ಗುಳಿಗೆ ಒಂದು ಹನಿ ಪಿಯು (ಪಾಲಿಯುರೆಥೇನ್) ಸೀಲಂಟ್, ಅಂದರೆ ಸಂದು ಮುಚ್ಚುವ ಅಂಟು, ತುಂಬಿ. ಅಲುಗಾಡುತ್ತಿದ್ದರೆ ಡ್ರಿಲ್ ಮಾಡಿ ತೆಗೆದು, ಮೊಳೆಯೂ ಅಲ್ಯೂಮಿನಿಯಂ ಇರುವ, ತುದಿ ಮುಚ್ಚಿದ ರಿವೆಟ್ ಹಾಕಿಸಿ. ಅಂಗಡಿಯಲ್ಲಿ ದುಡ್ಡು ಕೊಡುವ ಮುಂಚೆ ಮೊಳೆಗೆ ಅಯಸ್ಕಾಂತ ತಾಗಿಸಿ ನೋಡಿ. ಹಿಡಿದರೆ ಅದು ಕಬ್ಬಿಣ.

ಒಂದೇ ಕಡೆ ನಾಲ್ಕೈದು ಬೋಲ್ಟು ಇದ್ದು ಯಾವುದರಿಂದ ಅಂತ ಗೊತ್ತಾಗದಿದ್ದರೆ ಗೆರೆಯ ಫೋಟೊ ಇಟ್ಟುಕೊಂಡು ಜಾಗ ಒರೆಸಿ. ಪ್ರತಿ ಬೋಲ್ಟಿನ ಕೆಳಗೆ ಒಂದು ತುಂಡು ಬಿಳಿ ಮೆಡಿಕಲ್ ಟೇಪ್ ಅಂಟಿಸಿ. ಎರಡು ಮಳೆಗೋ, ನಾಲ್ಕು ದಿನ ಬೆಳಿಗ್ಗೆ ಸಂಜೆ ನೀರು ಚಿಮುಕಿಸಿದ ಮೇಲೋ ನೋಡಿ. ಯಾವ ಟೇಪ್ ಹಳದಿಯಾಗಿದೆಯೋ ಅದರ ಮೇಲಿನ ಬೋಲ್ಟು ತೆಗೆಯಿರಿ.

ನೀರು ಒಳಗೂ ಇಳಿಯುತ್ತಿದೆ ಅನ್ನಿಸಿದರೆ ಪೈಪ್ ಹಿಡಿದು ಕೆಳಗಿನಿಂದ ಮೇಲಕ್ಕೆ ಹೋಗಬೇಕು, ಮೇಲಿನಿಂದ ಕೆಳಗಲ್ಲ. ಮೊದಲೇ ಚಾವಣಿಗೆ ಹೊಡೆದರೆ ನೀರು ಎಲ್ಲ ಕಡೆ ಹರಿದು ಯಾವುದೂ ತಿಳಿಯುವುದಿಲ್ಲ. ಒಂದೊಂದು ಮಟ್ಟದಲ್ಲಿ ಐದು ನಿಮಿಷ ಬಿಡಿ. ಒಳಗೆ ಒಬ್ಬರು ಟಾರ್ಚ್ ಹಿಡಿದು ಕೂತಿರಲಿ.

ಇಲ್ಲಿಯೇ ಸಿಲಿಕಾನ್ ಬಗ್ಗೆ ಒಂದು ಮಾತು. ಹಾರ್ಡ್‌ವೇರ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಸಿಲಿಕಾನ್ ಒಣಗುವಾಗ ವಿನೆಗರ್ ವಾಸನೆ ಬರುತ್ತದೆ. ಆ ವಾಸನೆ ಅಸಿಟಿಕ್ ಆಮ್ಲದ್ದು. ಬಚ್ಚಲಿನ ಟೈಲ್ಸ್‌ಗೆ ಸರಿ, ಕಬ್ಬಿಣ, ಸತು, ಅಲ್ಯೂಮಿನಿಯಂ ಮೇಲೆ ಬಳಿದರೆ ಅದರ ಅಡಿಯಲ್ಲೇ ಲೋಹ ತಿನ್ನಲು ಶುರುವಾಗುತ್ತದೆ. ಹೊಸದಾಗಿ ಸೀಲ್ ಮಾಡಿಸಿದ ಜಾಗದಲ್ಲೇ ಕೆಲವು ತಿಂಗಳಿಗೆ ಕಂದು ಅಂಚು ಕಂಡರೆ ಮೊದಲ ಅನುಮಾನ ಇದರ ಮೇಲೆ. ಗಾಡಿಗೆ ಆ ಆಮ್ಲ ಬಿಡದ ನ್ಯೂಟ್ರಲ್ ಸಿಲಿಕಾನ್ ಅಥವಾ ಪಿಯು ಸೀಲಂಟ್ ಕೇಳಿ ತಗೊಳ್ಳಿ. ಬ್ರಾಕೆಟ್ ಅಡಿಗೆ ಬ್ಯುಟೈಲ್ ಟೇಪ್ (ಮೆತ್ತನೆ ರಬ್ಬರಿನಂಥ ಅಂಟು ಪಟ್ಟಿ) ಇನ್ನೂ ಒಳ್ಳೆಯದು.

ಸ್ಟೀಲ್ ಏಣಿ, ಬಿಳಿ ಪುಡಿ

"ಏಣಿ ಪೂರಾ ಸ್ಟೇನ್‌ಲೆಸ್ ಐತ್ರಿ, ಆದ್ರೂ ಜಂಗ ಬರಾಕತ್ತೈತಿ" ಅನ್ನುವವರಿದ್ದಾರೆ. ಏಣಿ ಸ್ಟೇನ್‌ಲೆಸ್ ಇರಬಹುದು, ಬೋಲ್ಟು? ಹೆಚ್ಚಿನ ಗಾಡಿಗಳಲ್ಲಿ ಬೋಲ್ಟಿಗೆ ಬರೀ ಸತುವಿನ ತೆಳು ಲೇಪ, 5 ರಿಂದ 10 ಮೈಕ್ರಾನ್. ಸತು ಮತ್ತು ಸ್ಟೇನ್‌ಲೆಸ್ ಒಂದಕ್ಕೊಂದು ತಾಗಿ ನಡುವೆ ಉಪ್ಪು ನೀರು ಬಂದರೆ ಸತು ಬೇಗ ಕರಗುತ್ತದೆ. ಏಣಿ ದೊಡ್ಡದು, ಬೋಲ್ಟು ಸಣ್ಣದು. ಅಷ್ಟೂ ಹೊಡೆತ ಆ ಸಣ್ಣದರ ಮೇಲೆಯೇ ಬೀಳುತ್ತದೆ. ಮೊದಲು ಬೋಲ್ಟಿನ ಮೇಲೆ ಬಿಳಿ ಪುಡಿ, ಆಮೇಲೆ ಕೆಂಪು ತುಕ್ಕು. ಬಿಳಿ ಪುಡಿ ಕಂಡಾಗಲೇ ಬದಲಿಸಿದರೆ ಕೈಯಲ್ಲೇ ಬಿಚ್ಚಬಹುದು.

ಅಲ್ಯೂಮಿನಿಯಂ ಪಟ್ಟಿಯಲ್ಲಿ ಸ್ಟೀಲ್ ಸ್ಕ್ರೂ ಸುತ್ತ ಬಿಳಿ ಪುಡಿ ಬಂದು ಬಣ್ಣ ಉಬ್ಬಿದ್ದರೆ ಅಲ್ಲಿ ಸವೆಯುತ್ತಿರುವುದು ಸ್ಕ್ರೂ ಅಲ್ಲ, ಪಟ್ಟಿ. ತೂತು ದೊಡ್ಡದಾಗುತ್ತಾ ಹೋಗಿ ಒಂದು ದಿನ ಸ್ಕ್ರೂ ಕೈಗೆ ಬರುತ್ತದೆ.

ಸ್ಟೇನ್‌ಲೆಸ್ಸಿಗೇ ತುಕ್ಕು ಬಂದಿದ್ದರೆ? ಬರುತ್ತದೆ. 304 ದರ್ಜೆಯದ್ದು ಸಮುದ್ರದ ಗಾಳಿಗೆ ಚಹಾ ಬಣ್ಣದ ಕಲೆ ಹಿಡಿಯುತ್ತದೆ. ಅದು ಮೇಲ್ಮೈಯದ್ದು ಮಾತ್ರ, ತೊಳೆದು ಪಾಲಿಶ್ ಮಾಡಿದರೆ ಹೋಗುತ್ತದೆ. 316ರಲ್ಲಿ ಶೇ 2 ರಿಂದ 3ರಷ್ಟು ಮಾಲಿಬ್ಡಿನಂ ಇರುವುದರಿಂದ ಉಪ್ಪಿಗೆ ಹೆಚ್ಚು ತಡೆಯುತ್ತದೆ. ನಮ್ಮ ಮಾರುಕಟ್ಟೆಯಲ್ಲಿ ನಿಜವಾದ ಪೇಚು 202 ದರ್ಜೆಯದ್ದು. ನಿಕ್ಕಲ್ ಕಡಿಮೆ, ಮ್ಯಾಂಗನೀಸ್ ಜಾಸ್ತಿ, ಬೆಲೆ ಅಗ್ಗ, ತುಕ್ಕು ಬೇಗ. "ಮ್ಯಾಗ್ನೆಟ್ ಹಿಡಿಯಲ್ಲ, ಒರಿಜಿನಲ್ ಅದ" ಅನ್ನುವ ಮಾತು ನಂಬಬೇಡಿ, 202ಕ್ಕೂ ಅಯಸ್ಕಾಂತ ಹಿಡಿಯುವುದಿಲ್ಲ. ಬೋಲ್ಟಿನ ತಲೆ ಮೇಲೆ ಎ2-70 ಅಂತ ಕೆತ್ತಿದ್ದರೆ 304ರ ಗುಂಪು, ಎ4-70 ಇದ್ದರೆ 316ರ ಗುಂಪು. ಏನೂ ಕೆತ್ತಿರದಿದ್ದರೆ ನಾನಾದರೆ ತಗೊಳ್ಳುವುದಿಲ್ಲ.

ಸ್ಟೇನ್‌ಲೆಸ್ ಹಾಳು ಮಾಡುವವರು ಹೆಚ್ಚಾಗಿ ನಾವೇ. ಕಬ್ಬಿಣದ ತಂತಿ ಬ್ರಷ್‌ನಲ್ಲಿ ಉಜ್ಜಿದರೆ ಬ್ರಷ್ಷಿನ ಕಣ ಅಲ್ಲೇ ಉಳಿದು ತುಕ್ಕು ಹಿಡಿಯುತ್ತದೆ. ಬಾತ್‌ರೂಮ್ ಆ್ಯಸಿಡ್ ಹಾಕಿದರೆ ಇನ್ನೂ ಕೆಟ್ಟದ್ದು: ಅದು ಹೈಡ್ರೋಕ್ಲೋರಿಕ್ ಆಮ್ಲ, ಅದರ ಕ್ಲೋರೈಡ್ ಸ್ಟೀಲಿನಲ್ಲಿ ಸೂಜಿ ಮೊನೆಯಷ್ಟು ಗುಳಿ ತೋಡುತ್ತದೆ. ಬ್ಲೀಚಿಂಗ್ ಕೂಡ ಬೇಡ, ಅದಕ್ಕೆ ತುಕ್ಕಿನ ಕಲೆ ಹೋಗುವುದೇ ಇಲ್ಲ.

ಗಾಡಿ ಎಲ್ಲಿ ನಿಲ್ಲಿಸುತ್ತೀರಿ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಹೊಲದ ಮನೆಯ ಶೆಡ್ಡಿನಲ್ಲಿ ಗೊಬ್ಬರದ ಚೀಲಗಳ ಪಕ್ಕ ನಿಲ್ಲಿಸಿದ್ದರೆ ಗಮನಿಸಿ. ಪೊಟ್ಯಾಷ್ ಗೊಬ್ಬರ ಅಂದರೆ ಪೊಟ್ಯಾಸಿಯಂ ಕ್ಲೋರೈಡ್, ಅದೂ ಒಂದು ಉಪ್ಪೇ. ದನದ ಕೊಟ್ಟಿಗೆಯ ಅಮೋನಿಯಾ ಹಿತ್ತಾಳೆ ಬೀಗ, ನಲ್ಲಿಗಳನ್ನು ತಿನ್ನುತ್ತದೆ. ಸಮುದ್ರ ನೋಡದ ಗಾಡಿಯ ಒಂದೇ ಬದಿಗೆ ತುಕ್ಕು ಬಂದಿದ್ದರೆ ಆ ಬದಿಗೆ ಶೆಡ್ಡಿನಲ್ಲಿ ಏನಿದೆ ನೋಡಿ.

ಕಲೆ ತೆಗೆಯುವುದು

ಮೂಲ ಸಿಕ್ಕ ಮೇಲೆ ಮಾತ್ರ ಈ ಕೆಲಸ. ಹೊಸ, ತೆಳು ಕಲೆಗೆ ನಿಂಬೆ ಉಪ್ಪು (ಸಿಟ್ರಿಕ್ ಆ್ಯಸಿಡ್) ಸಾಕು. ಬಿಸಿ ನೀರಲ್ಲಿ ಕರಗಿಸಿ, ಹತ್ತಿ ಅದ್ದಿ, ಕಲೆಯ ಮೇಲೆ ಕಾಲು ಗಂಟೆ ಅಂಟಿಸಿಡಿ. ಹಳೇ ಕಲೆಗೆ, ಮುಖ್ಯವಾಗಿ ಫೈಬರ್ ಬಾಡಿಗೆ, ಆಕ್ಸಾಲಿಕ್ ಆ್ಯಸಿಡ್ ಪುಡಿ. ಒಂದು ಲೀಟರ್ ನೀರಿಗೆ ಸುಮಾರು 50 ಗ್ರಾಂ. ನೀರಿಗೆ ಪುಡಿ ಹಾಕಿ, ಪುಡಿಗೆ ನೀರಲ್ಲ. ಐದರಿಂದ ಹತ್ತು ನಿಮಿಷ ಬಿಟ್ಟು, ಒಣಗುವ ಮೊದಲೇ ತೊಳೆಯಿರಿ, ಕೊನೆಗೆ ಅಡುಗೆ ಸೋಡಾ ಕರಗಿಸಿದ ನೀರು ಹಾಕಿ. ಸ್ಟಿಕ್ಕರ್ ಮತ್ತು ಬರೀ ಅಲ್ಯೂಮಿನಿಯಂ ಮೇಲೆ ಬೇಡ. ಇದು ವಿಷ. ಕೈಗವಸು, ಕನ್ನಡಕ ಬೇಕೇ ಬೇಕು. ಉಳಿದದ್ದನ್ನು ನೀರಿನ ಬಾಟಲಿಯಲ್ಲಿ ತುಂಬಿಡುವ ಅಭ್ಯಾಸ ನಮ್ಮ ಮನೆಗಳಲ್ಲಿದೆ, ದಯವಿಟ್ಟು ಬೇಡ. ಮಕ್ಕಳು, ದನಕರು ಓಡಾಡುವ ಮನೆ.

ಬಾಗಲಕೋಟೆ, ವಿಜಯಪುರದ ಗಡಸು ಬೋರ್ ನೀರಲ್ಲಿ ಆಕ್ಸಾಲಿಕ್ ಕಲಸಿದರೆ ನೀರು ಹಾಲಿನಂತೆ ಬೆಳ್ಳಗಾಗಿ, ತೊಳೆದ ಮೇಲೆ ಗಾಡಿ ಮೇಲೆ ಬಿಳಿ ಪೊರೆ ಉಳಿಯುತ್ತದೆ. ನೀರಿನ ಕ್ಯಾಲ್ಸಿಯಂ ಆಮ್ಲದ ಜೊತೆ ಸೇರಿ ಆಗುವ ಕ್ಯಾಲ್ಸಿಯಂ ಆಕ್ಸಲೇಟ್ ಅದು, ಮತ್ತೆ ಕರಗುವುದಿಲ್ಲ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಒಂದು ಕ್ಯಾನ್ ತಂದರೆ ಕಲಸಲು, ಮೊದಲ ಸಲ ತೊಳೆಯಲು ಸಾಕಾಗುತ್ತದೆ. ಆಮೇಲೆ ವ್ಯಾಕ್ಸ್ ಹಚ್ಚಿ. ಆಮ್ಲ ಹಚ್ಚಿದ ಜಾಗದಲ್ಲಿ ಹಳೇ ವ್ಯಾಕ್ಸ್ ಉಳಿದಿರುವುದಿಲ್ಲ.

ಬಿಚ್ಚಿದ ಕಬ್ಬಿಣದ ಬ್ರಾಕೆಟ್ಟು, ಕೊಂಡಿಗಳಿಗೆ ಸಕ್ಕರೆ ಕಾರ್ಖಾನೆ ಸೀಮೆಯವರಿಗೆ ಒಂದು ಸುಲಭ ಉಪಾಯ ಇದೆ: ಕಾಕಂಬಿ, ಅಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ. ಒಂದು ಪಾಲು ಕಾಕಂಬಿ, ಒಂಬತ್ತು ಪಾಲು ನೀರು, ಒಂದೆರಡು ವಾರ ಮುಳುಗಿಸಿಡಿ. ತುಕ್ಕು ಮಾತ್ರ ಕರಗುತ್ತದೆ, ಒಳ್ಳೆಯ ಕಬ್ಬಿಣ ಉಳಿಯುತ್ತದೆ. ಅಲ್ಯೂಮಿನಿಯಂ, ಸತು ಲೇಪದ ಸಾಮಾನು ಹಾಕಬೇಡಿ. ಬಕೆಟ್ ಮನೆಯಿಂದ ದೂರ ಇಡಿ, ಹುಳಿತ ವಾಸನೆ ಮತ್ತು ನೊಣ ಎರಡೂ ಬರುತ್ತವೆ.

ಬಿಚ್ಚಿ ಮತ್ತೆ ಹಾಕುವುದು

ಕಚ್ಚಿಕೊಂಡ ಬೋಲ್ಟಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿ. ಬೆಳಿಗ್ಗೆ ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ. ತುಕ್ಕಿನ ಪದರ ಆಗ ಒಡೆಯುತ್ತದೆ. ಅರ್ಧ ಸುತ್ತು ಬಿಚ್ಚಿ, ಕಾಲು ಸುತ್ತು ವಾಪಸ್, ಮತ್ತೆ ಎಣ್ಣೆ. ಸುಮ್ನೆ ಉದ್ದ ಪೈಪ್ ಹಾಕಿ ತಿರುವಿದರೆ ತಲೆ ಮುರಿಯುತ್ತದೆ. ಗ್ಯಾಸ್ ಹಚ್ಚಿ ಬಿಸಿ ಮಾಡುವುದು ಚಾಸಿಗೆ ಸರಿ, ಕ್ಯಾಂಪರ್ ಬಾಡಿಗೆ ಬೇಡವೇ ಬೇಡ. ತಗಡಿನ ಹಿಂದೆ ಫೋಮ್, ಪ್ಲೈವುಡ್, ವೈರಿಂಗ್ ಇರುತ್ತದೆ, ಅಡುಗೆ ಸಿಲಿಂಡರಿನ ಗೂಡೂ ದೂರವಿರುವುದಿಲ್ಲ.

ತೂತಿನ ಅಂಚನ್ನು ಎಮರಿ ಪೇಪರಿನಲ್ಲಿ ಕೆರೆದು ಎಪಾಕ್ಸಿ ಪ್ರೈಮರ್ ಹಚ್ಚಿ, ಒಣಗಲು ಬಿಡಿ. ಹೊಸ ಬೋಲ್ಟು ಹಾಕುವಾಗ ಎರಡು ಬೇರೆ ಲೋಹ ನೇರ ತಾಗದಂತೆ ನಡುವೆ ನೈಲಾನ್ ವಾಷರ್ ಇರಲಿ. ಸೀಲಂಟ್ ಬೋಲ್ಟಿನ ತಲೆ ಮೇಲೆ ಗುಡ್ಡೆ ಹಾಕುವುದಲ್ಲ, ಬ್ರಾಕೆಟ್ ಅಡಿಯಲ್ಲಿ, ತೂತಿನ ಸುತ್ತ ಹಾಕಬೇಕು. ಸ್ಟೇನ್‌ಲೆಸ್ ನಟ್ಟು ಸ್ಟೇನ್‌ಲೆಸ್ ಬೋಲ್ಟಿನ ಮೇಲೆ ಒಣಗಾಗಿ ಓಡಿಸಿದರೆ ಅರ್ಧದಲ್ಲೇ ಬೆಸೆದುಕೊಳ್ಳುತ್ತದೆ, ಆ್ಯಂಟಿ ಸೀಜ್ ಪೇಸ್ಟ್ ಹಚ್ಚಿ ನಿಧಾನಕ್ಕೆ ತಿರುವಿ.

ತಗಡೇ ಹೋಗಿದ್ದರೆ

ಉಬ್ಬಿದ ಜಾಗವನ್ನು ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ಸದ್ದು ಬಂದರೆ ಮೇಲಿನ ತುಕ್ಕು: ಕೆರೆದು, ರಸ್ಟ್ ಕನ್ವರ್ಟರ್ (ತುಕ್ಕನ್ನೇ ಗಟ್ಟಿ ಪದರವಾಗಿಸುವ ದ್ರವ) ಹಚ್ಚಿ ಕಪ್ಪಾಗಲು ಬಿಟ್ಟು, ಪ್ರೈಮರ್, ಬಣ್ಣ. ಕನ್ವರ್ಟರ್ ತುಕ್ಕಿನ ಮೇಲಷ್ಟೇ ಕೆಲಸ ಮಾಡುತ್ತದೆ. ಸಿಪ್ಪೆ ಏಳುತ್ತಿದ್ದರೆ ಅದನ್ನು ಮೊದಲು ತೆಗೆಯಬೇಕು. ಸದ್ದು ಮಂದವಾಗಿದ್ದು ಮೊನೆ ಒತ್ತಿದರೆ ಒಳಗೆ ಹೋಗುತ್ತಿದ್ದರೆ ಟಿಂಕರಿಂಗ್‌ನವರ ಕೆಲಸ. ಬಾಗಿಲ ತಳದ ನೀರು ಹೋಗುವ ತೂತುಗಳಲ್ಲಿ, ಚಕ್ರದ ಕಮಾನಿನ ಒಳಗೆ ಕೈ ಹಾಕಿ ನೋಡಿ. ಎರೆ ಮಣ್ಣು ಅಲ್ಲಿ ಗಟ್ಟಿಯಾಗಿ ಕೂತಿರುತ್ತದೆ, ಹೊರಗೆ ಒಣಗಿದರೂ ಒಳಗೆ ವಾರಗಟ್ಟಲೆ ಹಸಿ. ಸಮುದ್ರದಿಂದ ಬಂದ ಮರುದಿನವೇ ಅಡಿಭಾಗಕ್ಕೆ ಸಿಹಿನೀರು ಹೊಡೆಸಿ, ಬರೀ ಮೈ ತೊಳೆದರೆ ಆಗಲಿಲ್ಲ. ಚಾಸಿ, ಬ್ರೇಕ್ ಪೈಪ್, ಸಸ್ಪೆನ್ಷನ್ ಕೂರುವ ಜಾಗದಲ್ಲಿ ತುಕ್ಕು ಪದರಪದರವಾಗಿ ಏಳುತ್ತಿದ್ದರೆ ಪ್ರವಾಸ ಮುಂದೂಡಿ, ಗಾಡಿ ಮೊದಲು ಮೆಕ್ಯಾನಿಕ್ ಹತ್ತಿರ ಹೋಗಲಿ.

ಟಿಂಕರಿಂಗ್‌ಗೆ ಬಿಡುವ ಮುಂಚೆ ಒಂದು ಮಾತು ಕೇಳಿ: ಕೊಳೆತ ತಗಡು ಕತ್ತರಿಸಿ ಹೊಸದು ವೆಲ್ಡ್ ಮಾಡ್ತೀರಾ, ಇಲ್ಲಾ ಪುಟ್ಟಿ ಮೆತ್ತಿ ಬಣ್ಣ ಹೊಡೀತೀರಾ? ವೆಲ್ಡಿಂಗ್ ಅಂದರೆ ಬ್ಯಾಟರಿ ತಂತಿ ಬಿಚ್ಚಿಸಿ, ಸೋಲಾರ್ ಕಂಟ್ರೋಲರ್ ಕಳಚಿಸಿ, ಸಿಲಿಂಡರ್ ಮನೆಯಲ್ಲೇ ಇಟ್ಟು ಹೋಗಿ. ವಾಪಸ್ ತರುವಾಗ ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತ ಇರಲಿ. ಹೊಸ ಬಣ್ಣದ ಮೇಲೆ ತೆಳು ಬಟ್ಟೆ ಇಟ್ಟು ಹಿಡಿಯಿರಿ. ತಗಡಿದ್ದರೆ ಕಚ್ಚಿಕೊಳ್ಳುತ್ತದೆ, ಪುಟ್ಟಿ ದಪ್ಪಗಿದ್ದರೆ ಜಾರಿ ಬೀಳುತ್ತದೆ. ಅದನ್ನು ದುಡ್ಡು ಎಣಿಸುವ ಮೊದಲು ಮಾಡಿ.